ಕೃಷ್ಣರಂಧ್ರದ ಮಾರ್ದನಿ: ಒಂದು ಪ್ರಮಾಣವಿಮರ್ಶೆ

೨೦೧೬ನೆಯ ಇಸವಿಯ ಡಿಸೆಂಬರ್ ತಿಂಗಳಿನಲ್ಲಿ ಜಾಹೀದ್ ಅಬೇದಿ, ಹಾನಾ ಡೈಕಾರ್, ನಿಯಾಯೇಶ್ ಅಫ್ಶೋರ್ದಿ ಎಂಬ ಮೂವರು ವಿದ್ವಾಂಸರು ಒಂದು ಲೇಖನವನ್ನು ಭೌತವಿಜ್ಞಾನಿಗಳ ಮುಂದಿಟ್ಟರು. ಅದರ ತಲೆಬರಹವನ್ನು ಕನ್ನಡಕ್ಕೆ ತಂದರೆ ‘ಪಾತಾಳದಿಂದ ಬಂದ ಮಾರ್ದನಿಗಳು’ ಎಂದಾಗುವುದು. ಕಾವ್ಯಕ್ಕೆ ಒಪ್ಪುವ ಈ ಹೆಸರಿನ ಕೆಳಗೆ ಶಾಸ್ತ್ರಕ್ಕೆ ಒಪ್ಪುವ ಒಂದು ಉಪಶೀರ್ಷಿಕೆಯೂ ಇದ್ದಿತು. ಕೃಷ್ಣರಂಧ್ರಗಳ ಅಂಚಿನಲ್ಲಿ ಅತ್ಯಂತ ಸೂಕ್ಷ್ಮವಾದ ಕ್ವಾಂಟಮ್ ರಚನೆಯೊಂದು ಉಂಟೆಂಬುದಕ್ಕೆ ‘ಸಾಕ್ಷ್ಯ’ ದೊರೆತಿದೆ ಎಂಬುದು ಅದರ ತಾತ್ಪರ್ಯ. ಮರುವರ್ಷ ಅದೇ ಲೇಖನವು ಪರಿಷ್ಕೃತವಾಗಿ ವಿದ್ವತ್ಪತ್ರಿಕೆಯಲ್ಲಿ ಅಚ್ಚಾದಾಗ ‘ಸಾಕ್ಷ್ಯ’ ಎಂಬ ಪದದ ಹಿಂದೆ ‘ತಾತ್ಕಾಲಿಕ’ ಎಂಬ ವಿಶೇಷಣವು ಬಂದು ಕೂತಿತ್ತು. ಪಾಠಾಂತರಗಳನ್ನು ಹೋಲಿಸಿ ನೋಡುವ ಅಭ್ಯಾಸವುಳ್ಳವರಿಗೆ ಈ ಒಂದು ವಿಶೇಷಣದಲ್ಲಿಯೇ ಇಡೀ ವಿವಾದದ ಬೀಜವು ಕಾಣುವುದು. ಯಾವುದನ್ನು ಕಂಡರೆ ‘ಕಂಡಿತು’ ಎನ್ನಬಹುದು? ಯಾವುದು ಕಾಣದಿದ್ದರೆ ‘ಇಲ್ಲ’ ಎನ್ನಬಹುದು? ಪ್ರಶ್ನೆಯು ಖಗೋಳದ್ದಾದರೂ ಅದರ ತಿರುಳು ಪ್ರಮಾಣಶಾಸ್ತ್ರದ್ದು.

ಮೊದಲು ಹೆಸರಿನ ವಿಚಾರ. ಇಂಗ್ಲಿಷಿನ ಹೆಸರನ್ನು ೧೯೬೭ರಿಂದೀಚೆಗೆ ಪ್ರಚಾರಕ್ಕೆ ತಂದವರು ಜಾನ್ ವ್ಹೀಲರ್. ಕನ್ನಡದಲ್ಲಿ ಕಪ್ಪುಕುಳಿ, ಕಪ್ಪುರಂಧ್ರ, ಕೃಷ್ಣರಂಧ್ರ ಎಂಬ ರೂಪಗಳು ಬಳಕೆಯಲ್ಲಿವೆ. ಹಿಂದಿ ಮರಾಠಿಗಳಲ್ಲಿರುವ ‘ಕೃಷ್ಣವಿವರ’ವನ್ನು ಹಾಗೆಯೇ ತೆಗೆದುಕೊಂಡರೆ ಕನ್ನಡಿಗನು ಶ್ರೀಕೃಷ್ಣನ ವೃತ್ತಾಂತವೆಂದು ತಿಳಿದಾನು. ಕುಳಿಯೆಂದರೆ ತಳವುಂಟು, ರಂಧ್ರವೆಂದರೆ ಆಚೆಯ ಬಾಯಿಯುಂಟು. ಈ ವಸ್ತುವಿಗೆ ಎರಡೂ ಸಲ್ಲವು. ಅದಕ್ಕಿರುವುದು ಒಂದು ಮೇರೆ ಮಾತ್ರ. ಆ ಮೇರೆಯನ್ನು ದಾಟಿ ಒಳಹೋದ ಬೆಳಕೂ ಹಿಂದಿರುಗದು. ಸೂರ್ಯನಷ್ಟು ದ್ರವ್ಯರಾಶಿಯನ್ನು ಒತ್ತಿ ಒತ್ತಿ ಸುಮಾರು ೩ ಕಿಲೋಮೀಟರಿನ ತ್ರಿಜ್ಯಕ್ಕೆ ತಂದರೆ ಅಂಥ ಮೇರೆಯು ಉಂಟಾಗುವುದೆಂಬುದು ಕಾರ್ಲ್ ಶ್ವಾರ್ಜ಼್‌ಶೀಲ್ಡ್ ೧೯೧೬ರಲ್ಲಿ ಪ್ರಕಟಿಸಿದ ಗಣಿತದಿಂದ ಹೊರಡುವ ಫಲ. ಆ ಮೇರೆಗೆ ‘ದಿಗಂತ’ವೆಂಬ ಹೆಸರು ಸೊಗಸಾಗಿ ಹೊಂದಿಕೊಳ್ಳುವುದು, ಏಕೆಂದರೆ ದಿಗಂತದಲ್ಲಿ ನಿಜವಾಗಿ ಗೋಡೆಯಿಲ್ಲ, ಗೆರೆಯಿಲ್ಲ, ನೋಡುವವನ ದೃಷ್ಟಿಯು ಅಲ್ಲಿಗೆ ಮುಗಿಯುತ್ತದೆ, ಅಷ್ಟೆ. ಅಲ್ಲಿ ನಿಜವಾಗಿಯೂ ಏನೂ ಇಲ್ಲವೇ ಎಂಬುದೇ ಮಾರ್ದನಿಯ ವಾದದಲ್ಲಿ ಎದ್ದ ಪ್ರಶ್ನೆ.

ಈ ಸಂಶಯಕ್ಕೆ ಎಡೆಮಾಡಿಕೊಟ್ಟವರು ಸ್ಟೀಫನ್ ಹಾಕಿಂಗ್. ೧೯೭೪ರಲ್ಲಿ ಅವರು ಕ್ವಾಂಟಮ್ ಸಿದ್ಧಾಂತವನ್ನು ದಿಗಂತದ ಸಮೀಪಕ್ಕೆ ಅನ್ವಯಿಸಿ, ಕೃಷ್ಣರಂಧ್ರವು ಸಂಪೂರ್ಣವಾಗಿ ಕಪ್ಪಲ್ಲ, ಅದಕ್ಕೂ ಒಂದು ಉಷ್ಣತೆಯುಂಟು, ಅದೂ ಮೆಲ್ಲಮೆಲ್ಲನೆ ಸೂಸಿ ಸವೆಯುತ್ತದೆ ಎಂದು ತೋರಿಸಿದರು. ಹಾಗೆ ಸವೆದು ಮಾಯವಾದ ಮೇಲೆ ಒಳಗೆ ಬಿದ್ದ ವಸ್ತುಗಳ ವೃತ್ತಾಂತವೆಲ್ಲ ಏನಾಯಿತೆಂಬುದಕ್ಕೆ ಉತ್ತರವಿಲ್ಲ. ಕ್ವಾಂಟಮ್ ಸಿದ್ಧಾಂತದ ಪ್ರಕಾರ ಯಾವ ವೃತ್ತಾಂತವೂ ನಿಶ್ಶೇಷವಾಗಿ ಅಳಿಯಬಾರದು. ಐನ್‌ಸ್ಟೈನರ ಸಿದ್ಧಾಂತದ ಪ್ರಕಾರ ಒಳಹೋದುದು ಹೊರಬರಬಾರದು. ತಮ್ಮ ತಮ್ಮ ಕ್ಷೇತ್ರಗಳಲ್ಲಿ ಎಂದೂ ಸೋಲದ ಎರಡು ಶಾಸ್ತ್ರಗಳು ದಿಗಂತದ ಬಳಿ ಒಂದನ್ನೊಂದು ಅಲ್ಲಗಳೆಯುತ್ತವೆ. ಆದುದರಿಂದ ಅಲ್ಲಿ ಆಗುವುದೇನೆಂಬುದನ್ನು ಕಣ್ಣಾರೆ ಕಾಣಬೇಕೆಂಬ ಆಸೆಯು ಕುತೂಹಲಮಾತ್ರವಲ್ಲ.

ಆದರೆ ಹಾಕಿಂಗರ ಸೂಸುವಿಕೆಯನ್ನು ನೇರವಾಗಿ ಕಾಣುವ ಮಾತು ದೂರವೇ ಉಳಿಯಿತು. ಸೂರ್ಯನ ದ್ರವ್ಯರಾಶಿಯುಳ್ಳ ಕೃಷ್ಣರಂಧ್ರದ ಉಷ್ಣತೆಯು ಪರಮಶೂನ್ಯದಿಂದ ಮೇಲೆ ಒಂದು ಡಿಗ್ರಿಯ ಕೋಟಿ ಪಾಲಿನಲ್ಲಿ ಒಂದು ಪಾಲಿಗೂ ಕಡಮೆ. ರಂಧ್ರವು ದೊಡ್ಡದಾದಷ್ಟೂ ಅದು ಇನ್ನೂ ತಣ್ಣಗಿರುವುದು. ಆಕಾಶದಲ್ಲೆಲ್ಲ ತುಂಬಿರುವ ಆದಿಕಾಲದ ಉಳಿಕೆಯ ಬೆಳಕಿನ ಉಷ್ಣತೆಯಾದರೋ ೨.೭ ಡಿಗ್ರಿ. ತಣ್ಣಗಿನ ಪಾತ್ರೆಯನ್ನು ಬೆಚ್ಚಗಿನ ಕೋಣೆಯಲ್ಲಿಟ್ಟರೆ ಪಾತ್ರೆಯು ಕೊಡುವುದಕ್ಕಿಂತ ಕೊಳ್ಳುವುದೇ ಹೆಚ್ಚು. ಹಾಗೆಯೇ ಈ ರಂಧ್ರಗಳು ಇಂದು ಸವೆಯುವುದಿಲ್ಲ, ಬೆಳೆಯುತ್ತಿವೆ. ಆಕಾಶವು ಪೂರ್ಣವಾಗಿ ತಣಿದ ಮೇಲೂ ಸೂರ್ಯಪ್ರಮಾಣದ ರಂಧ್ರವು ಸವೆದು ತೀರಲು ಹತ್ತರ ೬೭ನೆಯ ಘಾತದಷ್ಟು ವರ್ಷಗಳು ಬೇಕು. ವಿಶ್ವದ ಈಗಿನ ವಯಸ್ಸು ೧,೩೮೦ ಕೋಟಿ ವರ್ಷ ಮಾತ್ರ.

ವಿಶ್ವದ ಆದಿಯಲ್ಲಿಯೇ ಹುಟ್ಟಿದ ಪುಟ್ಟ ರಂಧ್ರಗಳು ಇದ್ದುದಾದರೆ ಮಾತು ಬೇರೆ. ಸುಮಾರು ೫೦,೦೦೦ ಕೋಟಿ ಕಿಲೋಗ್ರಾಂ ತೂಕದ, ಆದರೆ ಗಾತ್ರದಲ್ಲಿ ಪ್ರೋಟಾನಿನಷ್ಟೇ ಇರುವ ರಂಧ್ರವು ಇಂದಿಗೆ ಸರಿಯಾಗಿ ಸವೆದು ಸಿಡಿಯಬೇಕು. ಗಾಮಾ ಕಿರಣಗಳಲ್ಲಿ ಅಂಥ ಸಿಡಿತಕ್ಕಾಗಿ ದಶಕಗಳ ಹುಡುಕಾಟ ನಡೆದಿದೆ. ಒಂದೂ ನಿಶ್ಚಯವಾಗಿ ಸಿಕ್ಕಿಲ್ಲ. ೨೦೨೩ರ ಫೆಬ್ರವರಿ ೧೩ರಂದು ಮೆಡಿಟರೇನಿಯನ್ ಸಮುದ್ರದ ಆಳದಲ್ಲಿಟ್ಟ ಉಪಕರಣವೊಂದಕ್ಕೆ ಅದುವರೆಗೆ ಎಂದೂ ಕಂಡಿರದಷ್ಟು ಶಕ್ತಿಯ ನ್ಯೂಟ್ರಿನೋ ಒಂದು ಸಿಕ್ಕಿತು. ಅದು ಇಂಥ ರಂಧ್ರದ ಮರಣಘೋಷವಾಗಿರಬಹುದೆಂದು ೨೦೨೫ರಲ್ಲಿ ಕೆಲವರು ಬರೆದರು. ಒಂದೇ ಒಂದು ಕಣದ ಮೇಲೆ ಕಟ್ಟಿದ ಈ ಊಹೆಯನ್ನು ಊಹೆಯೆಂದೇ ಬಿಡುವುದು ಲೇಸು.

ಹೀಗಿರಲು ಆಶೆಯು ಗುರುತ್ವತರಂಗಗಳ ಕಡೆಗೆ ತಿರುಗಿತು. ಇಲ್ಲಿ ಕನ್ನಡ ನಾಡಿನ ಒಬ್ಬರ ಹೆಸರನ್ನು ಮೊದಲು ಹೇಳಬೇಕಾಗುತ್ತದೆ. ಸಿ. ವಿ. ವಿಶ್ವೇಶ್ವರರು ಬೆಂಗಳೂರಿನವರು, ಕನ್ನಡದ ಲೇಖಕರೂ ೧೯೪೭ರ ಹರಪನಹಳ್ಳಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆಗಿದ್ದ ಸಿ. ಕೆ. ವೆಂಕಟರಾಮಯ್ಯನವರ ಪುತ್ರರು. ಕೃಷ್ಣರಂಧ್ರವೆಂಬ ಹೆಸರು ಬಳಕೆಗೆ ಬಂದು ಮೂರು ವರ್ಷ ತುಂಬುವಷ್ಟರಲ್ಲಿ, ೧೯೭೦ರಲ್ಲಿ, ಅವರು ಒಂದು ಸರಳವಾದ ಪ್ರಶ್ನೆಯನ್ನು ಹಾಕಿಕೊಂಡರು. ಬೆಳಕನ್ನೇ ನುಂಗುವ ವಸ್ತುವನ್ನು ಕಾಣುವುದು ಹೇಗೆ? ಅದರ ಮೇಲೆ ಗುರುತ್ವದ ಅಲೆಯೊಂದನ್ನು ಎಸೆದರೆ ಮರಳಿ ಬರುವುದೇನು? ಲೆಕ್ಕ ಮಾಡಿ ನೋಡಿದಾಗ, ಎಸೆದ ಅಲೆ ಎಂಥದೇ ಇರಲಿ, ಕೊನೆಯಲ್ಲಿ ಬರುವುದು ಬೇಗಬೇಗನೆ ಕ್ಷೀಣಿಸುವ ಒಂದು ನಿಯತವಾದ ಸ್ವರವೆಂದು ಕಂಡುಬಂದಿತು. ಆ ಸ್ವರವನ್ನು ನಿರ್ಣಯಿಸುವುದು ರಂಧ್ರದ ದ್ರವ್ಯರಾಶಿ ಮತ್ತು ಭ್ರಮಣ ಮಾತ್ರ.

ಹೊಡೆದ ಘಂಟೆಯು ಹೊಡೆತ ನಿಂತ ಮೇಲೂ ಮಿಡಿಯುವುದನ್ನು ಅಲಂಕಾರಶಾಸ್ತ್ರವು ಅನುರಣನವೆಂದು ಕರೆದಿದೆ. ಧ್ವನಿಸಿದ್ಧಾಂತದವರು ವ್ಯಂಗ್ಯಾರ್ಥದ ಒಂದು ಬಗೆಗೆ ಅದನ್ನೇ ಉಪಮಾನವಾಗಿ ತಂದರು. ವಿಶ್ವೇಶ್ವರರು ಕಂಡುದು ಈ ಅನುರಣನವನ್ನು. ಅಬೇದಿ ಮೊದಲಾದವರು ಕೇಳಿದೆವೆಂದುದು ಅನುರಣನವಲ್ಲ, ಪ್ರತಿಧ್ವನಿ. ಒಂದು ಘಂಟೆಯ ಮೈಯಿಂದಲೇ ಹೊರಡುವಂಥದು. ಇನ್ನೊಂದಕ್ಕೆ ಎದುರಿಗೊಂದು ಗೋಡೆಯು ಬೇಕು. ಜನಪ್ರಿಯ ಬರಹಗಳಲ್ಲಿ ಇವೆರಡನ್ನೂ ಕಲಸಿಬಿಟ್ಟಿರುವುದರಿಂದ ಎಷ್ಟೋ ಗೊಂದಲವಾಗಿದೆ. ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಪದಗಳು ಮೊದಲಿನಿಂದಲೂ ಸಿದ್ಧವಾಗಿರುವಾಗ ಈ ಗೊಂದಲಕ್ಕೆ ಕಾರಣವಿಲ್ಲ.

೨೦೧೫ರ ಸೆಪ್ಟೆಂಬರ್ ೧೪ರಂದು ಅಮೆರಿಕದ ಹ್ಯಾನ್‌ಫರ್ಡ್ ಮತ್ತು ಲಿವಿಂಗ್‌ಸ್ಟನ್ ಎಂಬೆಡೆಗಳಲ್ಲಿರುವ ಲೈಗೋ ಉಪಕರಣಗಳು ಒಂದೇ ಅಲೆಯನ್ನು ಸೆಕೆಂಡಿನ ಸಾವಿರದೇಳು ಪಾಲಿನಷ್ಟು, ಅಂದರೆ ೦.೦೦೭ ಸೆಕೆಂಡಿನ, ಅಂತರದಲ್ಲಿ ಗುರುತಿಸಿದವು. ಸುಮಾರು ೧೩೦ ಕೋಟಿ ಜ್ಯೋತಿರ್ವರ್ಷಗಳಾಚೆ ೩೬ ಮತ್ತು ೨೯ ಸೂರ್ಯರ ತೂಕದ ಎರಡು ರಂಧ್ರಗಳು ಕೂಡಿ ೬೨ ಸೂರ್ಯರ ತೂಕದ ಒಂದಾದವು; ಉಳಿದ ಮೂರು ಸೂರ್ಯರಷ್ಟು ದ್ರವ್ಯವು ಅಲೆಯಾಗಿ ಹೊರಟಿತು. ೪ ಕಿಲೋಮೀಟರು ಉದ್ದದ ತೋಳುಗಳಲ್ಲಿ ಅದು ಉಂಟುಮಾಡಿದ ವ್ಯತ್ಯಾಸವು ಪ್ರೋಟಾನಿನ ವ್ಯಾಸದ ನೂರಾರು ಪಾಲಿನಲ್ಲಿ ಒಂದು ಪಾಲು. ಆ ಅಲೆಯ ತುದಿಯಲ್ಲಿ, ಸೆಕೆಂಡಿಗೆ ೨೫೦ ಸುಮಾರಿನ ಕಂಪನದ ಅನುರಣನವು ಕ್ಷಣಾರ್ಧದಲ್ಲಿ ಕೇಳಿ ಅಡಗಿತು. ೨೦೧೬ರ ಫೆಬ್ರವರಿಯಲ್ಲಿ ಇದು ಪ್ರಕಟವಾದಾಗ ವಿಶ್ವೇಶ್ವರರು ಇನ್ನೂ ಇದ್ದರು. ೨೦೧೭ರ ಜನವರಿಯಲ್ಲಿ ತೀರಿಕೊಂಡರು.

ಅನುರಣನವು ಕೇಳಿದ ಮೇಲೆ ದಿಗಂತವು ಸಿದ್ಧವಾಯಿತೆಂದು ಬಹುಜನರು ತಿಳಿದರು. ಈ ತಿಳಿವಳಿಕೆಗೆ ಮೊದಲ ಪೆಟ್ಟು ಕೊಟ್ಟವರು ವಿಟೋರ್ ಕಾರ್ಡೋಸೋ ಮತ್ತು ಅವರ ಸಂಗಡಿಗರು. ಅನುರಣನವು ಹುಟ್ಟುವುದು ದಿಗಂತದಲ್ಲಲ್ಲ. ದಿಗಂತದ ಹೊರಗೆ, ಬೆಳಕು ಸುತ್ತುಗಟ್ಟಿ ತಿರುಗಬಲ್ಲ ಒಂದು ವಲಯದಲ್ಲಿ. ಭ್ರಮಣವಿಲ್ಲದ ರಂಧ್ರದಲ್ಲಿ ಅದು ದಿಗಂತದ ತ್ರಿಜ್ಯದ ಒಂದೂವರೆಯಷ್ಟು ದೂರದಲ್ಲಿರುವುದು. ಆದುದರಿಂದ ದಿಗಂತವೇ ಇಲ್ಲದ, ಆದರೆ ಅಷ್ಟೇ ಒತ್ತಾದ ಬೇರೊಂದು ವಸ್ತುವೂ ಮೊದಮೊದಲು ಅದೇ ಸ್ವರದಲ್ಲಿ ಮಿಡಿಯುವುದು. ವ್ಯತ್ಯಾಸವು ತೋರುವುದು ಆಮೇಲೆ. ಅಲೆಯ ಒಂದು ಭಾಗವು ಒಳಮುಖವಾಗಿ ಹೋಗುತ್ತದೆಯಷ್ಟೆ. ದಿಗಂತವು ಐನ್‌ಸ್ಟೈನರು ಹೇಳಿದಂತೆಯೇ ಇದ್ದರೆ ಆ ಭಾಗವು ಹೋದುದು ಹೋಯಿತು. ಕ್ವಾಂಟಮ್ ಕಾರಣದಿಂದ ಅಲ್ಲಿ ಪ್ರತಿಫಲಿಸುವ ಪದರವೊಂದಿದ್ದರೆ ಅಲೆಯು ತಿರುಗಿಬಂದು, ಹೊರವಲಯಕ್ಕೆ ತಾಗಿ, ಸ್ವಲ್ಪ ಸೋರಿ, ಮತ್ತೆ ಒಳಹೋಗಿ, ಸಮಾನವಾದ ಅಂತರಗಳಲ್ಲಿ ಮತ್ತೆ ಮತ್ತೆ ಕೇಳುವುದು.

ಈ ವಾದದಲ್ಲಿ ಒಂದು ಅಂದವುಂಟು. ಆ ಪದರವು ದಿಗಂತದಿಂದ ಎಷ್ಟು ಮೇಲಿದ್ದೀತು? ಕ್ವಾಂಟಮ್ ಗುರುತ್ವಕ್ಕೆ ಸಹಜವಾದ ಪ್ಲಾಂಕ್ ಉದ್ದವು ಮೀಟರಿನ ಹತ್ತರ ೩೫ನೆಯ ಘಾತದ ಪಾಲಿನ ಸುಮಾರಿನದು. ಇಷ್ಟು ಸೂಕ್ಷ್ಮವಾದುದನ್ನು ಯಾವ ದುರ್ಬೀನೂ ಕಾಣಲಾರದು. ಆದರೆ ದಿಗಂತದ ಸಮೀಪದಲ್ಲಿ ಹೊರಗಿನವರ ಲೆಕ್ಕಕ್ಕೆ ಕಾಲವು ನಿಧಾನಿಸುವುದರಿಂದ ಆ ಸೂಕ್ಷ್ಮತೆಯು ವಿಳಂಬವಾಗಿ ಪರಿಣಮಿಸುತ್ತದೆ. ಅದೂ ಲಘುಗಣಕದ ಕ್ರಮದಲ್ಲಿ. ಹೀಗಾಗಿ ೬೨ ಸೂರ್ಯರ ರಂಧ್ರಕ್ಕೆ ಮಾರ್ದನಿಯ ಅಂತರವು ಸುಮಾರು ೦.೩ ಸೆಕೆಂಡು. ಯಾವುದು ದೇಶದಲ್ಲಿ ಅಗೋಚರವೋ ಅದು ಕಾಲದಲ್ಲಿ ಗೋಚರವಾಯಿತು.

ಅಬೇದಿಯವರ ಗುಂಪು ೨೦೧೫ರ ಸೆಪ್ಟೆಂಬರ್, ಅಕ್ಟೋಬರ್, ಡಿಸೆಂಬರ್ ತಿಂಗಳುಗಳ ಮೂರು ಘಟನೆಗಳ ದತ್ತಾಂಶವನ್ನು ಕೂಡಿಸಿ ನೋಡಿ, ನಿರೀಕ್ಷಿಸಿದ ಅಂತರಗಳಲ್ಲಿ ಏನೋ ಇದೆಯೆಂದಿತು. ಬರಿಯ ಗದ್ದಲವೇ ಆಕಸ್ಮಿಕವಾಗಿ ಹಾಗೆ ತೋರುವ ಸಂಭವವು ನೂರಕ್ಕೆ ಒಂದರಷ್ಟೆಂದು ಅವರ ಪರಿಷ್ಕೃತ ಲೆಕ್ಕ. ನೂರಕ್ಕೆ ಒಂದೆಂದರೆ ಲೋಕವ್ಯವಹಾರದಲ್ಲಿ ಸಾಕಾದೀತು. ಭೌತವಿಜ್ಞಾನದಲ್ಲಿ ಹೊಸದೊಂದನ್ನು ಕಂಡೆವೆನ್ನಲು ಮೂವತ್ತೈದು ಲಕ್ಷಕ್ಕೆ ಒಂದರಷ್ಟು ಸಂಭವವನ್ನು ಕೇಳುವ ರೂಢಿಯಿದೆ. ರೂಢಿಯು ಕಠಿನವೆಂದು ತೋರಬಹುದು. ಆದರೆ ಸಾವಿರಾರು ಮಂದಿ ಸಾವಿರಾರು ಕಡೆ ಹುಡುಕುತ್ತಿರುವಾಗ ನೂರಕ್ಕೆ ಒಂದರ ಆಕಸ್ಮಿಕಗಳು ದಿನವೂ ಸಿಗುತ್ತವೆ.

ಇದೇ ದತ್ತಾಂಶವನ್ನು ವೆಸ್ಟರ್‌ವೆಕ್ ಮೊದಲಾದವರು ಮತ್ತೆ ಪರೀಕ್ಷಿಸಿದರು. ಅವರ ಲೇಖನ ೨೦೧೮ರಲ್ಲಿ ಅಚ್ಚಾಯಿತು. ಅವರು ಮಾಡಿದ ಮುಖ್ಯವಾದ ಕೆಲಸವೆಂದರೆ ಗದ್ದಲವನ್ನೇ ಹೆಚ್ಚಾಗಿ ಓದಿದುದು. ಮಾರ್ದನಿಯಿಲ್ಲವೆಂದು ಗೊತ್ತಿರುವ ಕಡೆಯಲ್ಲಿ ಅದೇ ವಿಧಾನವನ್ನು ಪ್ರಯೋಗಿಸಿದರೆ ಎಷ್ಟು ಸಲ ‘ಮಾರ್ದನಿ’ ಸಿಗುವುದು? ಹಾಗೆ ಕೇಳಿದಾಗ ಮೊದಲಿನ ಸಾಕ್ಷ್ಯದ ಬಲವು ಕುಗ್ಗಿತು. ತಾಳೆಯ ಗರಿಯಲ್ಲಿ ಹುಳು ತಿಂದ ಅಕ್ಷರವನ್ನು ಓದುವವನಿಗೆ ಇದು ಪರಿಚಿತವಾದ ಎಚ್ಚರಿಕೆಯೇ ಆಗಿದೆ. ಯಾವ ಪದವು ಅಲ್ಲಿರಬೇಕೆಂದು ಮೊದಲೇ ನಿಶ್ಚಯಿಸಿಕೊಂಡು ನೋಡಿದರೆ ಹುಳುವಿನ ತೂತುಗಳೂ ಆ ಪದವನ್ನೇ ಬರೆದುಕೊಡುತ್ತವೆ. ಅದೇ ಓಲೆಯ ಬರಹವಿಲ್ಲದ ಅಂಚಿನಲ್ಲಿಯೂ ಅಂಥ ‘ಪದ’ಗಳು ಎಷ್ಟು ಸಿಗುವುವೆಂದು ಎಣಿಸಿದವನ ಓದೇ ನಂಬತಕ್ಕುದು. ಅಬೇದಿ, ಅಫ್ಶೋರ್ದಿಯವರು ಮುಂದೆ ೨೦೧೭ರ ನ್ಯೂಟ್ರಾನ್ ನಕ್ಷತ್ರಗಳ ಸಂಗಮದಲ್ಲಿ ಇನ್ನೂ ಬಲವಾದ ಮಾರ್ದನಿಯನ್ನು, ಸಂಗಮವಾದ ಸುಮಾರು ಒಂದು ಸೆಕೆಂಡಿನ ಬಳಿಕ ೭೨ ಹರ್ಟ್ಸ್ ಕಂಪನದಲ್ಲಿ, ಕಂಡೆವೆಂದರು. ಲೈಗೋ ಕೂಟದವರು ತಮ್ಮ ಘಟನಾಸಂಗ್ರಹಗಳನ್ನು ಪರೀಕ್ಷಿಸಿ ಮಾರ್ದನಿಗೆ ಸಾಕ್ಷ್ಯವಿಲ್ಲವೆಂದು ೨೦೨೦ರಲ್ಲಿಯೂ ೨೦೨೧ರಲ್ಲಿಯೂ ವರದಿಮಾಡಿದರು.

ಹಾಗಾದರೆ ಮಾರ್ದನಿಯಿಲ್ಲವೆಂದು ಸಿದ್ಧವಾಯಿತೇ? ಇಲ್ಲಿ ಎದುರಾಳಿಗಳೂ ಜಾಗರೂಕರಾಗಿರಬೇಕು. ಕಾಣದಿರುವಿಕೆಯೂ ಒಂದು ಪ್ರಮಾಣವೆಂದು ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪಿರುವರು. ಅದರ ಹೆಸರು ಅನುಪಲಬ್ಧಿ. ಆದರೆ ಯೋಗ್ಯತೆಯೆಂಬ ನಿಯಮವನ್ನು ಅದಕ್ಕೆ ಕಟ್ಟಿರುವರು. ಬೆಳಕಿರುವ ಕೋಣೆಯಲ್ಲಿ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳಲಾಗದು. ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಿದ್ದಾಗ ಮಾತ್ರ ಅದರ ಅಭಾವವು ತಿಳಿಯುವುದು. ಪ್ರಬಲವಾಗಿ ಪ್ರತಿಫಲಿಸುವ ಪದರದ ವಿಚಾರದಲ್ಲಿ ಲೈಗೋ ಉಪಕರಣವು ಬೆಳಕಿರುವ ಕೋಣೆಯೆಂದೇ ಹೇಳಬಹುದು. ಅಲ್ಪವಾಗಿ ಪ್ರತಿಫಲಿಸುವ, ಕಂಪನಕ್ಕೊಂದು ಬಗೆಯಾಗಿ ಹೀರಿಕೊಳ್ಳುವ ಪದರದ ವಿಚಾರದಲ್ಲಿ ಅದಿನ್ನೂ ಕತ್ತಲೆಯೇ. ಅದಲ್ಲದೆ ಮಾರ್ದನಿಯು ಎಷ್ಟು ಗಟ್ಟಿಯಾಗಿರಬೇಕೆಂದು ಯಾವ ಕ್ವಾಂಟಮ್ ಗುರುತ್ವ ಸಿದ್ಧಾಂತವೂ ನಿಷ್ಕೃಷ್ಟವಾಗಿ ಹೇಳಿಲ್ಲ. ಪ್ರತಿಜ್ಞೆಯೇ ಖಚಿತವಾಗಿಲ್ಲದಾಗ ಅದನ್ನು ಖಂಡಿಸುವುದೂ ಪೂರ್ತಿಯಾಗದು. ವಾದದ ನಿಜವಾದ ದೌರ್ಬಲ್ಯವು ಇಲ್ಲಿರುವುದೇ ಹೊರತು ಅಂಕಿಗಳಲ್ಲಲ್ಲ.

ಇನ್ನೊಂದು ಕಡೆಯಲ್ಲಿ ತಪ್ಪು ತಿಳಿವಳಿಕೆಯು ಇದಕ್ಕಿಂತ ಹೆಚ್ಚಾಗಿ ಹರಡಿದೆ. ರಂಧ್ರಗಳು ಕೂಡಿದಾಗ ಅವುಗಳ ದಿಗಂತದ ಒಟ್ಟು ವಿಸ್ತೀರ್ಣವು ಎಂದೂ ಕುಗ್ಗಲಾರದೆಂದು ಹಾಕಿಂಗ್ ೧೯೭೧ರಲ್ಲಿ ಸಾಧಿಸಿದ್ದರು. ಮೊದಲ ಘಟನೆಯ ದತ್ತಾಂಶದಲ್ಲಿ ಮ್ಯಾಕ್ಸಿಮಿಲಿಯಾನೋ ಇಸಿ ಮತ್ತು ಸಂಗಡಿಗರು ೨೦೨೧ರಲ್ಲಿ ಇದನ್ನು ಶೇಕಡಾ ೯೫ಕ್ಕೆ ಕಡಮೆಯಿಲ್ಲದ ನಿಶ್ಚಯದೊಡನೆ ತಾಳೆ ನೋಡಿದರು. ೨೦೨೫ರ ಜನವರಿ ೧೪ರಂದು ಬಂದ, ಮೊದಲನೆಯದಕ್ಕಿಂತ ಬಹಳ ಸ್ಪಷ್ಟವಾದ ಅಲೆಯಲ್ಲಿ ವಿಸ್ತೀರ್ಣವು ಸುಮಾರು ೨,೪೦,೦೦೦ ಚದರ ಕಿಲೋಮೀಟರಿನಿಂದ ೪,೦೦,೦೦೦ಕ್ಕೆ ಏರಿದುದು ತಿಳಿದು, ನಿಶ್ಚಯವು ಶೇಕಡಾ ೯೯.೯೯೯ಕ್ಕೆ ಮುಟ್ಟಿತು. ಇದು ಮಹತ್ತಾದ ಸಾಧನೆ. ಆದರೆ ಇದನ್ನು ಕ್ವಾಂಟಮ್ ಪರಿಣಾಮದ ಪರೀಕ್ಷೆಯೆಂದು ಕರೆಯುವುದು ಸಲ್ಲದು. ೧೯೭೧ರ ಪ್ರಮೇಯದಲ್ಲಿ ಕ್ವಾಂಟಮ್ ಸಿದ್ಧಾಂತದ ಸೋಂಕೇ ಇಲ್ಲ. ೧೯೭೪ರ ಸೂಸುವಿಕೆಯು ನಿಜವಾದರೆ ವಿಸ್ತೀರ್ಣವು ಕುಗ್ಗುವುದು, ಪ್ರಮೇಯವು ಮುರಿಯುವುದು. ಆದರೆ ಆ ಕುಗ್ಗುವಿಕೆಯು ಲೈಗೋದ ಅಳತೆಗೆ ಎಂದೆಂದಿಗೂ ಸಿಕ್ಕದಷ್ಟು ಅಲ್ಪ. ಒಬ್ಬರೇ ಕರ್ತೃವಾದ ಮಾತ್ರಕ್ಕೆ ಎರಡು ಕೃತಿಗಳು ಒಂದಾಗುವುದಿಲ್ಲ.

ವಿಸ್ತೀರ್ಣವನ್ನು ಹಿಡಿದು ನಿಜವಾಗಿಯೂ ಕ್ವಾಂಟಮ್ ಪರೀಕ್ಷೆಯನ್ನು ಸೂಚಿಸುವ ವಾದವು ಬೇರೆ. ಜೇಕಬ್ ಬೆಕೆನ್‌ಸ್ಟೈನ್ ಮತ್ತು ವ್ಯಾಚೆಸ್ಲಾವ್ ಮುಖಾನೋವ್ ೧೯೯೫ರಲ್ಲಿ, ದಿಗಂತದ ವಿಸ್ತೀರ್ಣವು ನಾಣ್ಯಗಳಂತೆ ಬಿಡಿಬಿಡಿಯಾಗಿ ಮಾತ್ರ ಏರಿಳಿಯಬಲ್ಲುದೆಂಬ ಪಕ್ಷವನ್ನು ವಿಸ್ತರಿಸಿದರು. ಆ ನಾಣ್ಯದ ಬೆಲೆಯು ಪ್ಲಾಂಕ್ ಉದ್ದದ ವರ್ಗದಷ್ಟು, ಅಳೆಯಲು ಅಶಕ್ಯ. ಆದರೆ ಅದಕ್ಕೆ ತಕ್ಕ ಶಕ್ತಿಯನ್ನು ಕಂಪನಸಂಖ್ಯೆಯಾಗಿ ಪರಿವರ್ತಿಸುವಾಗ, ನಾಣ್ಯದ ಬೆಲೆಯಲ್ಲಿ ಅಡಗಿದ್ದ ಪ್ಲಾಂಕ್ ಸ್ಥಿರಾಂಕದಿಂದಲೇ ಭಾಗಿಸಬೇಕಾಗುತ್ತದೆ. ಮೇಲಿನದು ಕೆಳಗಿನದನ್ನು ಅಳಿಸಿಬಿಡುವುದು. ಉಳಿಯುವ ಕಂಪನಸಂಖ್ಯೆಯು ರಂಧ್ರದ ತೂಕವನ್ನು ಮಾತ್ರ ಅವಲಂಬಿಸಿ, ಲೈಗೋ ಕೇಳಬಲ್ಲ ಸ್ವರಗಳ ಮಟ್ಟದಲ್ಲಿಯೇ ಬಂದು ನಿಲ್ಲುತ್ತದೆ. ರಂಧ್ರವು ಕೆಲವು ಸ್ವರಗಳನ್ನು ಮಾತ್ರ ನುಂಗಿ ಬೇರೆಯವನ್ನು ತಿರಸ್ಕರಿಸುವುದಾದರೆ ಅದರ ಗುರುತು ಅಲೆಯಲ್ಲಿ ಕಾಣಬೇಕೆಂದು ೨೦೧೬ರಲ್ಲಿ ಫೊಯಿಟ್ ಮತ್ತು ಕ್ಲೆಬನ್ ಎಂಬುವರೂ, ೨೦೨೧ರಲ್ಲಿ ಅಗುಲೋ ಮತ್ತು ಸಂಗಡಿಗರೂ ವಾದಿಸಿರುವರು. ಮೆಟ್ಟಿಲುಗಳೆಲ್ಲ ಸಮನಾಗಿರುವುವೆಂಬುದು ಸಿದ್ಧಪಟ್ಟಿಲ್ಲ. ಮೆಟ್ಟಿಲುಗಳು ಮಸುಕಾಗಿ ಒಂದರೊಡನೊಂದು ಕೂಡಿಹೋದರೆ ಉಳಿಯುವುದು ಮತ್ತೆ ಇಳಿಜಾರೇ. ಆದರೂ ಈ ವಾದವು ತಾನು ಸೋಲುವುದು ಹೇಗೆಂಬುದನ್ನು ತಾನೇ ಹೇಳುತ್ತದೆ. ಆ ಕಾರಣದಿಂದ ಮಾರ್ದನಿಯ ವಾದಕ್ಕಿಂತ ಇದು ಮೇಲು.

೨೦೧೯ರ ಏಪ್ರಿಲ್ ೧೦ರಂದು ಪ್ರಕಟವಾದ ಎಂ೮೭ ಗೆಲಕ್ಸಿಯ ಕೇಂದ್ರದ ರಂಧ್ರದ ಚಿತ್ರವನ್ನು ಲೋಕವೆಲ್ಲ ‘ಛಾಯಾಚಿತ್ರ’ವೆಂದಿತು. ಭೂಮಿಯ ಹಲವೆಡೆಗಳಲ್ಲಿ ಚದುರಿದ ದುರ್ಬೀನುಗಳ ವಿರಳವಾದ ಅಳತೆಗಳಿಂದ ಗಣಿತದ ಮೂಲಕ ಪುನಾರಚಿಸಿದ ಚಿತ್ರವದು; ತ್ರುಟಿತ ಶಾಸನದ ಪಾಠನಿರ್ಣಯಕ್ಕೆ ಹೆಚ್ಚು ಸಮೀಪ. ನಾಲ್ಕು ತಂಡಗಳು ಪರಸ್ಪರ ತಿಳಿಸದೆ ಪ್ರತ್ಯೇಕವಾಗಿ ಪಾಠವನ್ನು ಕಟ್ಟಿ ಆಮೇಲೆ ಹೋಲಿಸಿ ನೋಡಿದುದು ಅದಕ್ಕೆ ಗೌರವವನ್ನು ತಂದಿತು. ದಿಗಂತದ ಸುತ್ತಣ ಕ್ವಾಂಟಮ್ ಏರಿಳಿತಗಳು ದೊಡ್ಡ ಪ್ರಮಾಣದಲ್ಲಿದ್ದರೆ ಈ ನೆರಳು ಕಾಲಕ್ರಮದಲ್ಲಿ ಮಿಡುಕಬೇಕೆಂದು ಸ್ಟೀವನ್ ಗಿಡಿಂಗ್ಸ್ ಮತ್ತು ಡಿಮಿಟ್ರಿಯೋಸ್ ಸಾಲ್ಟಿಸ್ ಸೂಚಿಸಿದ್ದರು. ೨೦೧೭ರ ಏಪ್ರಿಲ್ ಮತ್ತು ೨೦೧೮ರ ವೀಕ್ಷಣೆಗಳಲ್ಲಿ ಉಂಗುರದ ಅಳತೆಯು ಒಂದೇ ಆಗಿತ್ತು. ಅದರ ಹೊಳಪಾದ ಭಾಗವು ಮಾತ್ರ ಸುಮಾರು ೩೦ ಡಿಗ್ರಿ ಸರಿದಿತ್ತು. ಸುತ್ತಲಿನ ಕಾದ ಅನಿಲದ ಕುದಿತವೇ ಹಾಗೆ ಸರಿಸಬಲ್ಲುದಾದುದರಿಂದ ಅದರಿಂದ ಕ್ವಾಂಟಮ್ ಮಿಡುಕನ್ನು ಬೇರ್ಪಡಿಸುವುದು ಸುಲಭವಲ್ಲ. ವರ್ಷಕ್ಕೊಂದು ಚಿತ್ರದಿಂದ ಮಿಡುಕನ್ನು ತಿಳಿಯಹೊರಡುವುದು ನಾಟಕದ ಅಂಕಕ್ಕೊಂದು ವಾಕ್ಯವನ್ನೋದಿ ಪಾತ್ರದ ಸ್ವಭಾವವನ್ನು ನಿರ್ಣಯಿಸಿದಂತೆ.

ಪ್ರಯೋಗಶಾಲೆಯ ಶೀತಲ ಪರಮಾಣುಗಳಲ್ಲಿ ಶಬ್ದಕ್ಕೆ ದಿಗಂತವನ್ನು ಕಟ್ಟಿ, ಹಾಕಿಂಗರ ಸೂಸುವಿಕೆಯ ಸಾದೃಶ್ಯವನ್ನು ೨೦೧೬ರಿಂದ ತೋರಿಸಿರುವ ಜೆಫ್ ಸ್ಟೈನ್‌ಹೌವರ್ ಅವರ ಕೆಲಸವನ್ನು ಇದೇ ಸಾಲಿಗೆ ಸೇರಿಸುವವರುಂಟು. ಗಣಿತವು ಒಂದೇ ಎಂಬುದು ನಿಜ. ಉಪಮಾನವು ಉಪಮೇಯಕ್ಕೆ ಪ್ರಮಾಣವಾಗದು.

ಮುಂದಿನ ಕೆಲಸವಾದರೂ ಗೊತ್ತಾಗಿದೆ. ೨೦೨೫ರ ಜನವರಿಯ ಅಲೆಯಷ್ಟು ಸ್ಪಷ್ಟವಾದವು ಇನ್ನೂ ಹಲವು ಬೇಕು. ಅವುಗಳ ಅನುರಣನವು ಅಡಗಿದ ಮೇಲಿನ ಒಂದೆರಡು ಸೆಕೆಂಡುಗಳಲ್ಲಿ ಏನನ್ನು, ಯಾವ ಅಂತರದಲ್ಲಿ, ಎಷ್ಟು ಗಟ್ಟಿಯಾಗಿ ನಿರೀಕ್ಷಿಸಬೇಕೆಂಬುದನ್ನು ದತ್ತಾಂಶವನ್ನು ತೆರೆಯುವುದಕ್ಕೆ ಮೊದಲೇ ಬರೆದಿಡಬೇಕು. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಲೈಗೋದ ಮತ್ತೊಂದು ಉಪಕರಣಕ್ಕೆ ಭಾರತ ಸರ್ಕಾರವು ೨೦೨೩ರಲ್ಲಿ ಒಪ್ಪಿಗೆ ಕೊಟ್ಟಿದೆ. ದೂರದೂರದ ಉಪಕರಣಗಳು ಹೆಚ್ಚಿದಷ್ಟೂ, ಒಂದೆಡೆಯ ಗದ್ದಲವು ಇನ್ನೊಂದೆಡೆಯಲ್ಲಿಯೂ ಅದೇ ಕ್ಷಣದಲ್ಲಿ ಅದೇ ಆಕಾರವನ್ನು ತಾಳುವ ಸಂಭವವು ಕಡಮೆಯಾಗುವುದು.